ಐದು ಸಾವಿರಕ್ಕೆ ‘ಪ್ರಾಣಿ ಕಲ್ಯಾಣ ಅಧಿಕಾರಿ’ ಕಾರ್ಡ್ ಕೊಡುತ್ತಾರಂತೆ, ತಗೊಳ್ಳಲಾ?

ಝೆರಾಕ್ಸ್_ಅಂಗಡಿ (8 ಮಾರ್ಚ್)

ನಮ್ಮದು ಬಾಗಲಕೋಟೆ ಜಿಲ್ಲೆ, ಜಮಖಂಡಿ ಕಡೆ. ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯ ಮೇಲೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ನವೆಂಬರ್ ಬಂತೆಂದರೆ ಬೆಳಗಿನಿಂದ ರಾತ್ರಿವರೆಗೂ ಕಬ್ಬಿನ ಗಾಡಿಗಳೇ. ಟ್ರ್ಯಾಕ್ಟರ್ ಜಾಸ್ತಿ, ಆದರೆ ಎತ್ತಿನ ಟಾಯರ್ ಗಾಡಿಗಳೂ ಇನ್ನೂ ಬೇಕಾದಷ್ಟು ಇವೆ. ಅಂಗಡಿ ಮುಂದೆ ಒಂದು ಸಣ್ಣ ಏರು. ಸುಮ್ನೆ ನಡೆದು ಹೋಗುವವರಿಗೆ ಅದು ಏರು ಅಂತ ಗೊತ್ತೂ ಆಗುವುದಿಲ್ಲ. ಎತ್ತಿಗೆ ಗೊತ್ತಾಗುತ್ತದೆ.

ಡಿಸೆಂಬರ್ 20ಕ್ಕೆ ಮಧ್ಯಾಹ್ನ ಆ ಏರಿನಲ್ಲಿ ಒಂದು ಎತ್ತು ಮುಂಗಾಲು ಮಡಚಿ ಬಿತ್ತು. ಬಲಗಡೆಯದು. ನೊಗ ಒಂದು ಕಡೆ ವಾಲಿ, ಜೊತೆಯ ಎತ್ತಿನ ಕತ್ತು ತಿರುಚಿಕೊಂಡು, ಮೇಲೆ ಕಬ್ಬು ಎರಡಾಳೆತ್ತರ. ಗಾಡಿಯವನು ಮೊದಲು ಬಾಲ ತಿರುಚಿದ. ಏಳಲಿಲ್ಲ. ಆಮೇಲೆ ಕೋಲು ತೆಗೆದ. ತುದಿಗೆ ಮೊಳೆ ಇತ್ತು. ತೊಡೆಯ ಹಿಂದೆ ಒಂದೇ ಜಾಗಕ್ಕೆ ಐದಾರು ಸಲ ಚುಚ್ಚಿದ, ರಕ್ತ ಇಳಿಯುತ್ತಿತ್ತು, ಎತ್ತು ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿತ್ತೇ ಹೊರತು ಸದ್ದು ಮಾಡಲಿಲ್ಲ. ನಾವು ನಾಲ್ಕೈದು ಜನ ಹೋಗಿ ಕಬ್ಬು ಇಳಿಸಿದ ಮೇಲೆ ಎದ್ದಿತು. ಫೋನಿನಲ್ಲಿ ವಿಡಿಯೋ ಇದೆ.

ಸ್ಟೇಷನ್‌ಗೆ ಹೋದೆ. “ಮನುಷ್ಯರ ಕೇಸೇ ಸಾಕಾಗಿದೆ, ನೀವ್ಯಾರು ಎತ್ತಿನವರಾ?” ಅಂದರು. ವಾಪಸ್ ಬಂದೆ.

ಈಗ ವಾಟ್ಸಾಪ್ ಗುಂಪೊಂದರಲ್ಲಿ ಒಬ್ಬರು ಐದು ಸಾವಿರ ಕೊಟ್ಟರೆ ‘ಗೌರವ ಪ್ರಾಣಿ ಕಲ್ಯಾಣ ಅಧಿಕಾರಿ’ ಅಂತ ಕಾರ್ಡ್ ಮಾಡಿಸಿಕೊಡುತ್ತಾರಂತೆ. ಫೋಟೋ, ಸೀಲು, ಮೂರು ಸಿಂಹ ಎಲ್ಲ ಇದೆ. ಅದನ್ನು ತೋರಿಸಿದರೆ ಗಾಡಿ ನಿಲ್ಲಿಸಬಹುದು, ಪೊಲೀಸರೂ ಮಾತು ಕೇಳುತ್ತಾರೆ ಅಂತ ಹೇಳುತ್ತಿದ್ದಾರೆ. ನಿಜವಾ? ಯಾರಾದರೂ ತಗೊಂಡಿದ್ದೀರಾ?

ಕಲಂ_ಹನ್ನೊಂದು

ದಯವಿಟ್ಟು ದುಡ್ಡು ಕೊಡಬೇಡಿ. ಆ ಕಾರ್ಡಿನಲ್ಲಿ ಚೆನ್ನೈ ವಿಳಾಸ ಇದೆಯಾ ನೋಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 1962ರಲ್ಲಿ ಚೆನ್ನೈನಲ್ಲಿ ಶುರುವಾಗಿದ್ದು ನಿಜ. ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ಅವರೇ ಅದರ ಮೊದಲ ಅಧ್ಯಕ್ಷೆ. ಆದರೆ ಕಚೇರಿ 2018ರಲ್ಲೇ ಹರಿಯಾಣದ ಬಲ್ಲಭಗಢಕ್ಕೆ ಹೋಯಿತು. ಕಾರ್ಡ್ ಮಾರುವವರಲ್ಲಿ ಕೆಲವರು ಇನ್ನೂ ಹಳೇ ವಿಳಾಸವನ್ನೇ ಅಚ್ಚು ಹಾಕುತ್ತಿದ್ದಾರೆ.

ಮಂಡಳಿ ಗೌರವ ಪ್ರತಿನಿಧಿಗಳನ್ನು ಮಾಡಿಕೊಳ್ಳುವುದೂ ನಿಜ. ಸಂಬಳ ಇಲ್ಲದ ಕೆಲಸ. ನಾನು ಹುಬ್ಬಳ್ಳಿಯಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಮೊದಲ ಮೂರು ವರ್ಷ ಕಾರ್ಡ್ ಇತ್ತು, ಆಮೇಲೆ ಅವಧಿ ಮುಗಿಯಿತು, ಮತ್ತೆ ಕೇಳಲು ಹೋಗಲಿಲ್ಲ, ಯಾಕೆಂದರೆ ಕಾರ್ಡ್ ಇದ್ದಾಗಲೂ ಇಲ್ಲದಾಗಲೂ ನಾನು ಮಾಡಿದ ಕೆಲಸ ಒಂದೇ: ದೂರು ಬರೆಯುವುದು, ಸ್ಟೇಷನ್ ಬೆಂಚಿನ ಮೇಲೆ ಕೂರುವುದು. ಕಾರ್ಡ್ ಇದೆ ಅಂತ ಗಾಡಿ ತಡೆಯುವ ಹಾಗಿಲ್ಲ, ಎತ್ತು ಬಿಚ್ಚಿಕೊಂಡು ಹೋಗುವ ಹಾಗಿಲ್ಲ, ಯಾರನ್ನೂ ಹಿಡಿಯುವ ಹಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಲಂ 34 ನೋಡಿ. ಪ್ರಾಣಿಯನ್ನು ವಶಕ್ಕೆ ತಗೊಳ್ಳುವ ಅಧಿಕಾರ ಕಾನ್‌ಸ್ಟೇಬಲ್‌ಗಿಂತ ಮೇಲಿನ ಪೊಲೀಸರಿಗೆ ಇದೆ, ಇಲ್ಲವೇ ರಾಜ್ಯ ಸರ್ಕಾರ ಹೆಸರು ಹೇಳಿ ಅಧಿಕಾರ ಕೊಟ್ಟವರಿಗೆ. ಮೂರು ಸಿಂಹದ ಕಾರ್ಡ್ ಹಿಡಿದು ನಾನು ಅಧಿಕಾರಿ ಅಂತ ಗಾಡಿ ನಿಲ್ಲಿಸಿದರೆ ಉಲ್ಟಾ ನಿಮ್ಮ ಮೇಲೇ ಕೇಸಾಗುತ್ತದೆ. ಸರ್ಕಾರಿ ನೌಕರ ಅಂತ ಸುಳ್ಳು ಹೇಳಿಕೊಂಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಕಲಂ 204.

ಈಗ ನಿಮ್ಮ ವಿಷಯ. ಅತಿ ಭಾರ ಹೇರುವುದು, ಹೊಡೆಯುವುದು ಕಲಂ 11(1)ರ ಎ. ಗಾಯ ಇರುವ ಎತ್ತನ್ನು ಕೆಲಸಕ್ಕೆ ಹಚ್ಚುವುದು ಅದರ ಬಿ. ಮೊಳೆ ಕೋಲು ಅಂತೂ 1965ರ ನಿಯಮದಲ್ಲಿ ನೇರವಾಗಿ ನಿಷೇಧ. ಭಾರ ಎಳೆಯುವ ಪ್ರಾಣಿಗಳಿಗಾಗಿಯೇ ಮಾಡಿದ ನಿಯಮ ಅದು. ಅದರಲ್ಲಿ ಇನ್ನೂ ಇದೆ: ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ಹೂಡಬಾರದು, ವಿಶ್ರಾಂತಿ ಕೊಡದೆ ಒಂದೇ ಸಮನೆ 5 ಗಂಟೆ ದಾಟಬಾರದು, ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ನಿಮ್ಮ ಕಡೆ ಮಾರ್ಚ್‌ನಲ್ಲೇ 37 ಮುಟ್ಟುತ್ತದೆ, ಅಲ್ವಾ.

ಆದರೆ ಇಷ್ಟೆಲ್ಲ ಇದ್ದೂ ಸ್ಟೇಷನ್‌ನಲ್ಲಿ ಎಫ್‌ಐಆರ್ ಆಗುವುದಿಲ್ಲ. ಕಾರಣ ಬರೀ ಸೋಮಾರಿತನ ಅಲ್ಲ. ಕಲಂ 11ರಲ್ಲಿ ಬಹುಪಾಲು ತಪ್ಪುಗಳು ನಾನ್ ಕಾಗ್ನಿಜಬಲ್. ಹೊಡೆಯುವುದು, ಅತಿ ಭಾರ, ಉಪವಾಸ ಕೆಡವುವುದು, ಎಲ್ಲ ಅದೇ. ಪ್ರಾಣಿಗಳನ್ನು ಕಾಳಗಕ್ಕೆ ಬಿಡುವುದು, ಕ್ರೂರವಾಗಿ ಅಂಗ ಕತ್ತರಿಸುವುದು ಇಂಥ ಕೆಲವಕ್ಕೆ ಮಾತ್ರ ಪೊಲೀಸರು ತಾವೇ ಕೇಸು ಹಾಕಬಹುದು. ಉಳಿದದ್ದಕ್ಕೆ ಎನ್‌ಸಿಆರ್ (ನಾನ್ ಕಾಗ್ನಿಜಬಲ್ ವರದಿ) ಬರೆದು ಮ್ಯಾಜಿಸ್ಟ್ರೇಟರ ಅನುಮತಿ ಕೇಳಬೇಕು. ಬಿಎನ್‌ಎಸ್ 325 ಹಾಕಿ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ, ಎಫ್‌ಐಆರೂ ಆಗುತ್ತದೆ, ಆದರೆ ಅದು ಬೇಕಂತಲೇ ಕೊಂದಾಗ, ವಿಷ ಹಾಕಿದಾಗ, ಅಂಗ ಊನ ಮಾಡಿದಾಗ. ನಿಮ್ಮ ಎತ್ತಿನ ಕೇಸಿಗೆ ಅದನ್ನು ಎಳೆದು ತಂದರೆ ನಿಲ್ಲುವುದಿಲ್ಲ.

ಕೊನೆಗೆ ಇದನ್ನು ಗಮನಿಸಿ. ಕಲಂ 36. ತಪ್ಪು ನಡೆದ ಮೂರು ತಿಂಗಳ ಒಳಗೆ ಕೇಸು ನ್ಯಾಯಾಲಯ ಮುಟ್ಟಬೇಕು. ಡಿಸೆಂಬರ್ 20 ಅಂದಿರಿ. ಇವತ್ತು ಮಾರ್ಚ್ 8. ಲೆಕ್ಕ ನೀವೇ ಹಾಕಿ.

ಸುಮ್ನೆ_ಓದುಗ

ಇಷ್ಟೆಲ್ಲ ಮಾಡಿ ಗೆದ್ದರೆ ದಂಡ ಎಷ್ಟು?

ಕಲಂ_ಹನ್ನೊಂದು

ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಳೇ ಕಾಲದ ರೇಟು. 2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ನಾನೂ ಎರಡು ಪುಟ ಬರೆದು ಕಳಿಸಿದ್ದೆ. ನಗಬೇಡಿ.

ಸುಮ್ನೆ_ಓದುಗ

ನಗುತ್ತಿಲ್ಲ. ಟೀ ಜೊತೆ ಒಂದು ಪ್ಲೇಟ್ ಗಿರಮಿಟ್ ತಿಂದರೂ ಅಷ್ಟಾಗುತ್ತದೆ. ಇನ್ನೊಂದು ಡೌಟು: ಕಂಬಳಕ್ಕೂ ಇದೇ ಕಾಯ್ದೆನಾ?

ಕಲಂ_ಹನ್ನೊಂದು

ಇದೇ ಕಾಯ್ದೆ. 2014ರ ಸುಪ್ರೀಂ ಕೋರ್ಟ್ ತೀರ್ಪು ಜಲ್ಲಿಕಟ್ಟು ನಿಲ್ಲಿಸಿದ ಮೇಲೆ ಕಂಬಳಕ್ಕೂ ತೊಂದರೆ ಬಂತು. ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು, ಅದನ್ನು 2023ರ ಮೇ 18ಕ್ಕೆ ಸಂವಿಧಾನ ಪೀಠ ಎತ್ತಿಹಿಡಿಯಿತು. ಅದರ ಜಗಳಕ್ಕೆ ಬೇರೆ ಥ್ರೆಡ್ ಮಾಡಿ, ಇಲ್ಲಿ ಕಬ್ಬಿನ ಎತ್ತು ಇರಲಿ.

ರಿಟೈರ್ಡ್_ಹೆಚ್‌ಸಿ

31 ವರ್ಷ ಪೊಲೀಸ್ ಇಲಾಖೆಯಲ್ಲಿ ಇದ್ದವನು ನಾನು. ಸ್ಟೇಷನ್‌ನಲ್ಲಿ ನಿಮಗೆ ಹಾಗೆ ಅಂದಿದ್ದು ತಪ್ಪು. ಆದರೆ ಆ ಕಡೆಯ ಕಷ್ಟವನ್ನೂ ಕೇಳಿ. ಎತ್ತು ವಶಕ್ಕೆ ತಗೊಂಡರೆ ಎಲ್ಲಿ ಕಟ್ಟುವುದು? ಒಮ್ಮೆ ನಾನು ಎರಡು ಎತ್ತನ್ನು ಸ್ಟೇಷನ್ ಹಿಂದಿನ ಬೇವಿನ ಮರಕ್ಕೆ ಕಟ್ಟಿ ಮೂರು ದಿನ ನನ್ನ ದುಡ್ಡಿನಿಂದಲೇ ಮೇವು ಹಾಕಿದ್ದೇನೆ. ಗೋಶಾಲೆಯವರು ಜಾಗ ಇಲ್ಲ ಅಂದರು. ಸಾಹೇಬರು “ಯಾರು ಹೇಳಿದ್ದರು ನಿನಗೆ” ಅಂದರು. ನಾಲ್ಕನೇ ದಿನ ಗಾಡಿಯವನ ಹೆಂಡತಿ ಮಗು ಎತ್ತಿಕೊಂಡು ಬಂದು ಗೇಟಿನಲ್ಲಿ ಕೂತಳು. ಈಗ 2017ರ ನಿಯಮ ಬಂದ ಮೇಲೆ ಕೇಸು ನಡೆಯುವಾಗ ಪ್ರಾಣಿ ಸಾಕುವ ಖರ್ಚು ಆರೋಪಿಯದ್ದೇ. ಕಾಗದದ ಮೇಲೆ ಸರಿ. ಆ ಹೆಣ್ಣುಮಗಳ ಹತ್ತಿರ ಏನು ವಸೂಲಿ ಮಾಡುತ್ತೀರಿ?

ದೂರು ಹೇಗೆ ಕೊಟ್ಟರೆ ನಾವು ಕೇಳುತ್ತಿದ್ದೆವು ಅಂತ ಹೇಳುತ್ತೇನೆ. ಬಾಯಲ್ಲಿ ಹೇಳಬೇಡಿ, ಬರೆದುಕೊಂಡು ಹೋಗಿ. ದಿನಾಂಕ, ಗಂಟೆ, ಜಾಗ, ಗಾಡಿಯ ಗುರುತು. ‘ಕ್ರೂರವಾಗಿ ಹಿಂಸಿಸಿದರು’ ಅಂತ ಬರೆದರೆ ಅದು ಕತೆ. ‘ಮೊಳೆ ಇರುವ ಕೋಲಿನಿಂದ ಬಲ ತೊಡೆಗೆ ಚುಚ್ಚಿದರು, ರಕ್ತ ಬಂತು’ ಅಂತ ಬರೆದರೆ ಅದು ದೂರು. ಪಶು ವೈದ್ಯರ ಚೀಟಿ ಇದ್ದರೆ ಅರ್ಧ ಕೆಲಸ ಆದಂತೆ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್. ಅದೂ ಬೇಡ ಅಂದರೆ ವಕೀಲರನ್ನು ಹಿಡಿದು ನೇರ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಖಾಸಗಿ ದೂರು ಹಾಕಬಹುದು, ಅದಕ್ಕೆ ಯಾವ ಕಾರ್ಡೂ ಬೇಡ.

ಇನ್ನೊಂದು. 1965ರ ನಿಯಮದ ಪ್ರಕಾರ ಅನುಮಾನ ಬಂದರೆ ಪೊಲೀಸರು ಗಾಡಿಯನ್ನು ತೂಕದ ಸೇತುವೆಗೆ ಒಯ್ಯಿಸಬಹುದು. ರಸ್ತೆಯಲ್ಲಿ ಅದು ದೊಡ್ಡ ತಲೆನೋವು, ಹತ್ತಿರ ವೇಬ್ರಿಡ್ಜ್ ಇರುವುದಿಲ್ಲ. ಆದರೆ ನಿಮ್ಮ ಗಾಡಿ ಹೋಗುವುದೇ ವೇಬ್ರಿಡ್ಜ್ ಮೇಲೆ ಅಲ್ವಾ! ಕಾರ್ಖಾನೆಯಲ್ಲಿ ಪ್ರತಿ ಗಾಡಿಗೂ ತೂಕದ ಚೀಟಿ ಇದೆ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಟನ್. ಇಷ್ಟು ಒಳ್ಳೆಯ ಸಾಕ್ಷಿ ಬೇರೆ ಯಾವ ಕೇಸಿನಲ್ಲೂ ಸಿಗುವುದಿಲ್ಲ.

ಗಾಡಿಯವರ_ಮಗ

ಎಲ್ಲ ಓದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಿದೆ ನಿಮ್ಮ ಮಾತು.

ನಮ್ಮಪ್ಪ ಇಪ್ಪತ್ತು ಸೀಸನ್ ಗಾಡಿ ಹೊಡೆದಿದ್ದಾರೆ. ನಾನು ಹುಟ್ಟಿದ್ದು ಕಬ್ಬಿನ ಸೋಗೆಯ ಗುಡಿಸಲಿನಲ್ಲಿ. ನಿಮಗೆ ಗೊತ್ತಿರಲಿ ಅಂತ ಹೇಳುತ್ತೇನೆ, ನಮಗೆ ದಿನಗೂಲಿ ಇಲ್ಲ. ಟನ್ ಲೆಕ್ಕ. ದಸರೆಗೆ ಮುಂಚೆ ಮುಕಾದಮ, ಅಂದರೆ ಕಬ್ಬಿನ ಕೆಲಸಕ್ಕೆ ಜನ, ಗಾಡಿ ಗೊತ್ತುಮಾಡುವ ಗುತ್ತಿಗೆದಾರ, ಮುಂಗಡ ಕೊಡುತ್ತಾನೆ, ಆ ದುಡ್ಡಿನಲ್ಲೇ ಎತ್ತು ತರುವುದು, ಸೀಸನ್ ಪೂರ್ತಿ ಅದನ್ನು ತೀರಿಸುವುದು. ಒಂದು ಗಾಡಿಗೆ ಒಂದು ಟನ್ ಹೇರಿದರೆ ಮುಂಗಡ ತೀರುವುದಿಲ್ಲ. ಹೀಗಾಗಿ ಎರಡು ಹೇರುತ್ತಾರೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಎತ್ತು ಬಿದ್ದರೆ ನಷ್ಟ ಯಾರಿಗೆ? ಕಾರ್ಖಾನೆಗಾ? ಕಿಲಾರಿ ತಳಿಯ ಎತ್ತಿನ ಜೋಡಿ ಒಂದಕ್ಕೆ ಈಗ ಎಷ್ಟು ಅಂತ ಸಂತೆಗೆ ಹೋಗಿ ಕೇಳಿ.

ಅಪ್ಪ ಎತ್ತಿಗೆ ಹಾಕಿದ ಮೇಲೇ ತಾನು ರೊಟ್ಟಿ ಮುರಿಯುತ್ತಿದ್ದ ಮನುಷ್ಯ. ಅಂಥವನೂ ಏರಿನಲ್ಲಿ ಚುಚ್ಚುತ್ತಿದ್ದ. ಯಾಕೆಂದರೆ ಹಿಂದೆ ಟ್ರ್ಯಾಕ್ಟರ್ ಸಾಲು ಹಾರ್ನ್ ಹೊಡೆಯುತ್ತಿರುತ್ತದೆ, ಗಾಡಿ ಹಿಂದಕ್ಕೆ ಜಾರಿದರೆ ಎತ್ತೂ ಹೋಯಿತು, ಇವನೂ ಹೋದ. ಆಮೇಲೆ ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ. ಒಮ್ಮೊಮ್ಮೆ ಇಡೀ ರಾತ್ರಿ, ಮರುದಿನ ಮಧ್ಯಾಹ್ನದವರೆಗೆ. ನೊಗ ಇಳಿಸುವ ಹಾಗಿಲ್ಲ, ಸಾಲು ಸರಿದರೆ ನಂಬರ್ ಹೋಗುತ್ತದೆ. ಕುಡಿಯಲು ನೀರಿನ ತೊಟ್ಟಿ ಇಲ್ಲ. ನೀವು ವಿಡಿಯೋ ಮಾಡಿದ್ದು ಆ ಐದು ನಿಮಿಷ. ಉಳಿದ ಹದಿನೆಂಟು ಗಂಟೆಯ ವಿಡಿಯೋ ಯಾರು ಮಾಡುತ್ತಾರೆ?

ಕೇಸು ಹಾಕಿ. ಗಾಡಿಯವನಿಗೆ ಐವತ್ತು ರೂಪಾಯಿ ದಂಡ ಹಾಕಿಸಿ, ಒಂದು ದಿನದ ಕೂಲಿ ಕಳೆಯಿರಿ. ಮರುದಿನ ಅದನ್ನು ತುಂಬಿಸಲು ಅವನು ಇನ್ನೂ ಎರಡು ಕ್ವಿಂಟಲ್ ಜಾಸ್ತಿ ಹೇರುತ್ತಾನೆ.

ಲೀಡ್ಸ್_ಕನ್ನಡಿಗ

ಹೊರಗಿನಿಂದ ಒಂದು ಮಾತು. ಇಲ್ಲಿ ಇಂಗ್ಲೆಂಡಿನಲ್ಲಿ ಆರ್‌ಎಸ್‌ಪಿಸಿಎ ಅನ್ನುವ ಪ್ರಾಣಿ ದಯಾ ಸಂಘ 1824ರಿಂದ ಇದೆ. ಅವರ ಇನ್ಸ್‌ಪೆಕ್ಟರ್‌ಗಳು ಸಂಬಳದವರು, ಯೂನಿಫಾರ್ಮ್ ಇದೆ, ವ್ಯಾನ್ ಇದೆ. ಪೊಲೀಸರೇ ಅನ್ನಬೇಕು, ಹಾಗಿರುತ್ತಾರೆ. ಆದರೆ ನಮ್ಮ ಪಕ್ಕದ ಮನೆಯಲ್ಲಿ ನಾಯಿಯೊಂದನ್ನು ಕೂಡಿ ಹಾಕಿದ್ದಾಗ ಬಂದವರು ಬಾಗಿಲು ತಟ್ಟಿ, ತೆರೆಯದಿದ್ದಾಗ ಚೀಟಿ ಅಂಟಿಸಿ ಹೋದರು. ಒಳಗೆ ನುಗ್ಗುವ ಅಧಿಕಾರ ಅವರಿಗೂ ಇಲ್ಲ, ಪೊಲೀಸರೇ ಬರಬೇಕು. ವ್ಯತ್ಯಾಸ ಇರುವುದು ಶಿಕ್ಷೆಯಲ್ಲಿ. 2021ರಿಂದ 5 ವರ್ಷದವರೆಗೆ ಜೈಲು. ಬಟ್ಟೆ, ಕಾರ್ಡು ಎಲ್ಲ ಕಡೆಯೂ ಇಷ್ಟೇ ಅನ್ನಿಸಿತು.

ಹಳ್ಳಿ_ಡಾಕ್ಟರ್

ನಾನು ಸರ್ಕಾರಿ ಪಶು ವೈದ್ಯ, ಜಾಗ ಹೇಳುವುದಿಲ್ಲ. ಗಾಡಿಯವರ ಮಗ ಹೇಳಿದ್ದು ನಿಜ. ಝೆರಾಕ್ಸ್ ಅಂಗಡಿಯವರು ನೋಡಿದ್ದೂ ನಿಜ.

ನನ್ನ ಹತ್ತಿರ ಸೀಸನ್‌ನಲ್ಲಿ ಬರುವುದು ಎರಡೇ: ಹೆಗಲುಬಾವು ಮತ್ತು ಕಾಲು. ನೊಗ ಉಜ್ಜಿ ಉಜ್ಜಿ ಹೆಗಲ ಮೇಲೆ ಮೊದಲು ಬಿಸಿಯಾದ ಬಾವು ಬರುತ್ತದೆ, ಕೈ ಇಟ್ಟರೆ ಎತ್ತು ಚರ್ಮ ನಡುಗಿಸುತ್ತದೆ. ಆಗಲೇ ಹೂಡುವುದು ಬಿಟ್ಟರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಬಿಡದಿದ್ದರೆ ಒಡೆದು ಹುಣ್ಣಾಗುತ್ತದೆ, ನೊಣ ಕೂರುತ್ತದೆ, ಹುಳ ಬೀಳುತ್ತದೆ. ಕಾಲಿನದು ಬಹಳ ಸಲ ಲಾಳದ ಕತೆ. ಡಾಂಬರಿನ ಮೇಲೆ ಲಾಳ ಬೇಗ ಸವೆಯುತ್ತದೆ. ಸವೆದ ಲಾಳ ಏರಿನಲ್ಲಿ ಹಿಡಿತ ಕೊಡುವುದಿಲ್ಲ, ಮುಂಗಾಲು ಜಾರಿ ಮಂಡಿಯೂರುತ್ತದೆ. ನಿಮ್ಮ ಎತ್ತು ಬಿದ್ದಿದ್ದೂ ಹಾಗೇ ಇರಬಹುದು. ವಿಡಿಯೋದಲ್ಲಿ ಗೊರಸು ಕಾಣುತ್ತದಾ ನೋಡಿ.

ನನಗೆ ಯಾರಾದರೂ ಬರೆದು ಕೇಳಿದರೆ ನಾನು ಹೋಗಿ ಪರೀಕ್ಷೆ ಮಾಡಿ ಚೀಟಿ ಕೊಡಲೇಬೇಕು. ಸುಮ್ನೆ ಫೋನ್ ಮಾಡಿ “ಡಾಕ್ಟ್ರೇ ಬನ್ನಿ” ಅಂದರೆ ನನಗೂ ರಕ್ಷಣೆ ಇಲ್ಲ. ರಸ್ತೆಯಲ್ಲಿ ಬಿದ್ದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತದೆ, ಅವರ ದಾಖಲೆಯಲ್ಲೂ ಅದು ಉಳಿಯುತ್ತದೆ. ಇನ್ನು ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಬೇಕು ಅಂತ 2001ರ ನಿಯಮ ಇದೆ. ಜಿಲ್ಲಾಧಿಕಾರಿಗಳಿಗೆ, ನಮ್ಮ ಇಲಾಖೆಯ ಉಪನಿರ್ದೇಶಕರಿಗೆ ಒಂದೇ ಅರ್ಜಿಯಲ್ಲಿ ಯಾರ್ಡಿನ ನೀರಿನ ವಿಷಯ ಬರೆಯಿರಿ. ನೀರು ಕೊಡದೆ ಕಟ್ಟುವುದೂ ಕಲಂ 11ರಲ್ಲೇ ಬರುತ್ತದೆ, ಗಾಡಿಯವನು ಚುಚ್ಚಿದ್ದು ಮಾತ್ರ ಅಲ್ಲ.

ಕಲಂ_ಹನ್ನೊಂದು

ಗಾಡಿಯವರ ಮಗ ಅವರೇ, ನಾನೂ ಮೊದಲ ಎರಡು ವರ್ಷ ಬರೀ ಟಾಂಗಾದವರು, ಕತ್ತೆಯವರು, ಕೋಳಿ ತಲೆಕೆಳಗೆ ಹಿಡಿದು ಸೈಕಲ್‌ನಲ್ಲಿ ಹೋಗುವವರು ಇವರ ಮೇಲೇ ದೂರು ಬರೆದೆ. ಸುಲಭ ಅಲ್ವಾ, ಅವರು ಓಡುವುದಿಲ್ಲ, ವಕೀಲರನ್ನು ಇಡುವುದಿಲ್ಲ. ಆಮೇಲೆ ಒಂದು ದಿನ ಹಳೇ ಹುಬ್ಬಳ್ಳಿಯಲ್ಲಿ ಕತ್ತೆಯವನೊಬ್ಬ ಕೇಳಿದ, “ಮರಳು ತರಿಸಿದವನ ಹೆಸರು ಬರೆದಿಲ್ಲವಲ್ಲ ಸಾರ್?” ಉತ್ತರ ಇರಲಿಲ್ಲ.

ಆದರೆ ಕಾಯ್ದೆಯಲ್ಲಿ ಉತ್ತರ ಇದೆ, ನಾನು ಓದಿರಲಿಲ್ಲ ಅಷ್ಟೆ. 1965ರ ನಿಯಮ ‘ಬಳಸುವವರು’ ಅಂತ ಮಾತ್ರ ಹೇಳುವುದಿಲ್ಲ, ‘ಬಳಸುವಂತೆ ಮಾಡುವವರು’ ಅಂತಲೂ ಹೇಳುತ್ತದೆ. ಮುಂಗಡ ಕೊಟ್ಟು ಟನ್ ಲೆಕ್ಕದಲ್ಲಿ ತರಿಸುವ ಮುಕಾದಮ ಅದರಲ್ಲಿ ಬರುತ್ತಾನೆ, ಮಿತಿ ಮೀರಿದ ತೂಕವನ್ನು ದಿನಾ ತೂಗಿ ಚೀಟಿ ಕೊಟ್ಟು ಒಳಗೆ ಬಿಟ್ಟುಕೊಳ್ಳುವವರೂ ಬರುತ್ತಾರೆ ಅಂತ ನನ್ನ ವಾದ. ಕೋರ್ಟ್ ಒಪ್ಪುತ್ತದೋ ಇಲ್ಲವೋ, ದೂರಿನಲ್ಲಿ ಹೆಸರು ಹಾಕಲು ಯಾರೂ ಅಡ್ಡ ಬರುವುದಿಲ್ಲ. ಎಷ್ಟು ಭಾರ ಅನ್ನುವುದು ಎತ್ತಿನ ಗಾತ್ರ, ಗಾಲಿಗೆ ಬಾಲ್ ಬೇರಿಂಗ್ ಇದೆಯೋ ಗಾಳಿ ಟಾಯರ್ ಇದೆಯೋ ಅನ್ನುವುದರ ಮೇಲೆ ಹೋಗುತ್ತದೆ, ಪಟ್ಟಿ ನಿಯಮದಲ್ಲೇ ಇದೆ. ಹೆಚ್‌ಸಿ ಸಾಹೇಬರು ಹೇಳಿದ ತೂಕದ ಚೀಟಿ ಬೇಕಾಗುವುದು ಇಲ್ಲೇ. ಒಂದು ಗಾಡಿಯದಲ್ಲ, ಒಂದು ವಾರದ್ದು.

ಝೆರಾಕ್ಸ್_ಅಂಗಡಿ (13 ಮಾರ್ಚ್)

ಕಾರ್ಡ್ ಬೇಡ ಅಂತ ಹೇಳಿದೆ. ಆ ಮನುಷ್ಯ ಮೂರು ಸಾವಿರಕ್ಕೆ ಇಳಿದ, ಆಮೇಲೆ ಗುಂಪಿನಿಂದ ನನ್ನನ್ನು ತೆಗೆದು ಹಾಕಿದ.

ದೂರು ಬರೆದು ಕೊಟ್ಟೆ. ನಮ್ಮದೇ ಅಂಗಡಿ, ಎರಡಲ್ಲ ಆರು ಪ್ರತಿ ತೆಗೆದೆ. ಈ ಸಲ ಬೇರೆ ಒಬ್ಬರು ಕೂತಿದ್ದರು, ಓದಿ, ವಿಡಿಯೋ ಪೆನ್‌ಡ್ರೈವ್ ತಗೊಂಡು ಎನ್‌ಸಿಆರ್ ಕೊಟ್ಟರು. 20ರ ಒಳಗೆ ಕೋರ್ಟಿಗೆ ಹೋಗಲು ವಕೀಲರ ಹತ್ತಿರ ಮಾತಾಡಿದ್ದೇನೆ. ಅವರು ಫೀಸು ಕೇಳಲಿಲ್ಲ, ಅವರ ಆಫೀಸಿನ ಬೈಂಡಿಂಗ್ ಪುಕ್ಕಟೆ ಮಾಡಿಕೊಡಬೇಕಂತೆ.

ನಿನ್ನೆ ಯಾರ್ಡಿನ ಹತ್ತಿರ ಹೋಗಿದ್ದೆ. ಮೊದಲ ಸಲ ಒಳಗೆ ನೋಡಿದ್ದು. ಮಧ್ಯಾಹ್ನ ಎರಡು ಗಂಟೆ, ಎಣಿಸಿದರೆ 46 ಗಾಡಿ, ಒಂದಕ್ಕೂ ನೆರಳಿಲ್ಲ. ಒಬ್ಬ ಹುಡುಗ ಪ್ಲಾಸ್ಟಿಕ್ ಕೊಡದಲ್ಲಿ ದೂರದ ನಲ್ಲಿಯಿಂದ ನೀರು ತಂದು ಎತ್ತಿನ ಬಾಯಿಗೆ ಹಿಡಿಯುತ್ತಿದ್ದ. ಒಂದು ಕುಡಿದು ಮುಗಿಸುವ ಹೊತ್ತಿಗೆ ಕೊಡ ಖಾಲಿ, ಇನ್ನೊಂದು ಅವನನ್ನೇ ನೋಡುತ್ತಿತ್ತು. ಡಿಸಿ ಕಚೇರಿಗೆ ನೀರಿನ ಅರ್ಜಿ ಪೋಸ್ಟ್ ಮಾಡಿದೆ. ಡಿಸೆಂಬರ್‌ನಲ್ಲಿ ನೋಡಿದ ಗಾಡಿಯವನೂ ಸಾಲಿನಲ್ಲಿ ಇದ್ದ, ನನ್ನ ಗುರುತು ಹಿಡಿದ, ಮುಖ ತಿರುಗಿಸಿಕೊಂಡ. ಎತ್ತಿನ ತೊಡೆಯ ಗಾಯ ಒಣಗಿ ಕೂದಲಿಲ್ಲದ ಕಲೆ ಆಗಿದೆ. ಅವನ ಹೆಸರು ದೂರಿನಲ್ಲಿ ಇದೆ. ಮುಕಾದಮನದ್ದೂ ಹಾಕಿದ್ದೇನೆ. ಕಾರ್ಖಾನೆಯದ್ದು ಹಾಕಲು ತೂಕದ ಚೀಟಿ ಬೇಕು ಅಂತ ವಕೀಲರು ಹೇಳುತ್ತಾರೆ. ಅವರು ಕೊಡುವುದಿಲ್ಲ ಅಂದುಬಿಟ್ಟರು. ಮತ್ತೆಲ್ಲಿ ಸಿಗುತ್ತದೆ?

ಗಾಡಿಯವರ_ಮಗ

ಚೀಟಿಯ ಒಂದು ಪ್ರತಿ ಗಾಡಿಯವರ ಹತ್ತಿರ ಇರುತ್ತದೆ. ಅಪ್ಪ ತಂತಿಗೆ ಚುಚ್ಚಿ ಗುಡಿಸಲ ಕಂಬಕ್ಕೆ ನೇತು ಹಾಕುತ್ತಿದ್ದ, ಲೆಕ್ಕದ ದಿನ ಮುಕಾದಮನ ಮುಂದೆ ಇಡಲು. ಹಳೆಯವು ಮನೆಯಲ್ಲಿ ಇವೆ, ನಿಮಗೆ ಉಪಯೋಗ ಇಲ್ಲ. ಈ ಸೀಸನ್‌ನದ್ದು ಚಿಕ್ಕಪ್ಪನ ಹತ್ತಿರ ಇದೆ.

ಕೇಳುತ್ತೇನೆ. ಒಂದು ವಾರದ್ದಲ್ಲ, ಪೂರ್ತಿ ಇರಬೇಕು. ಆದರೆ ಚಿಕ್ಕಪ್ಪನ ಹೆಸರು ಎಲ್ಲೂ ಬರಬಾರದು. ಚೀಟಿಯ ಮೇಲೆ ಗಾಡಿ ನಂಬರ್ ಇರುತ್ತದೆ, ಅದನ್ನು ಏನು ಮಾಡುವುದು ಅಂತ ನಿಮ್ಮ ವಕೀಲರನ್ನು ಮೊದಲು ಕೇಳಿ ಹೇಳಿ.